ಅಂಪೈರನ ತಪ್ಪೊಪ್ಪಿಗೆ

ಇಂದು ನಾನು ಮಾತನಾಡಬೇಕೆಂದಿರುವುದು ಬೇಸ್‌ಬಾಲ್ ಆಟದಲ್ಲಿ ನಡೆದ ಒಂದು ತಪ್ಪು ತೀರ್ಪನ್ನು ಕುರಿತು. ಪಂಪ ರನ್ನರ ಪಾಠ ಹೇಳಿಕೊಂಡು ಮೂವತ್ತೈದು ವರ್ಷ ಕಳೆದ ಕನ್ನಡ ಮೇಷ್ಟರಿಗೂ ಅಮೆರಿಕದ ಆಟಕ್ಕೂ ಏನು ನಂಟು ಎಂದು ನಿಮಗೆ ಆಶ್ಚರ್ಯವಾದೀತು. ನಂಟು ಬೆಸೆದವನು ನನ್ನ ಮೊಮ್ಮಗ. ಮಗಳ ಸಂಸಾರ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿದೆ. ನಿವೃತ್ತನಾದ ಮೇಲೆ ಒಂದು ಬೇಸಿಗೆಯನ್ನು ನಾನು ಅಲ್ಲಿ ಕಳೆದೆ. ಆಗ ಅಳಿಯಂದಿರೂ ಹನ್ನೊಂದು ವರ್ಷದ ಆ ಹುಡುಗನೂ ಊರಿನ ಟೈಗರ್ಸ್ ತಂಡದ ಆಟ ತೋರಿಸಲು ನನ್ನನ್ನು ಕೊಮೆರಿಕಾ ಪಾರ್ಕ್ ಎಂಬ ಕ್ರೀಡಾಂಗಣಕ್ಕೆ ಕರೆದೊಯ್ದರು. ಹೋಗಿ ಕುಳಿತೊಡನೆಯೇ ಹುಡುಗ ಮೈದಾನದ ಒಂದು ಮೂಲೆಯತ್ತ ಬೆರಳು ಮಾಡಿ, "ತಾತ, ಜಾಯ್ಸ್ ತಪ್ಪು ಮಾಡಿದ್ದು ಅಲ್ಲೇ" ಎಂದ. ನಮ್ಮ ಊರುಗಳಲ್ಲಿ ಇದು ಭೀಮನ ಹೆಜ್ಜೆ, ಇದು ಸೀತೆಯ ಕೊಳ ಎಂದು ತೋರಿಸುತ್ತಾರಲ್ಲ, ಹಾಗಿತ್ತು ಅವನ ದನಿ. ಅದು ಅವನು ಹುಟ್ಟುವ ಮೊದಲೇ ನಡೆದ ಸಂಗತಿ. ಒಬ್ಬನು ಗೆದ್ದ ಜಾಗವನ್ನು ಮಕ್ಕಳು ನೆನಪಿಟ್ಟುಕೊಳ್ಳುವುದು ಸಹಜ. ಒಬ್ಬನು ತಪ್ಪು ಮಾಡಿದ ಜಾಗವನ್ನು, ಅದೂ ಅಷ್ಟು ಅಕ್ಕರೆಯಿಂದ, ನೆನಪಿಟ್ಟುಕೊಂಡಿದ್ದಾನೆ ಎಂದರೆ ಅಲ್ಲಿ ತಪ್ಪಿನ ಜೊತೆಗೆ ಬೇರೇನೋ ನಡೆದಿರಬೇಕು ಎನ್ನಿಸಿತು. ಮನೆಗೆ ಬಂದ ಮೇಲೆ ಆ ಕಥೆಯನ್ನು ಹುಡುಗನಿಂದ ಕೇಳಿದೆ, ಆ ಆಟದ ದೃಶ್ಯವನ್ನು ನೋಡಿದೆ, ಆ ಕುರಿತು ಸಿಕ್ಕಿದಷ್ಟನ್ನು ಓದಿದೆ.

ಆಟದ ವಿವರಗಳಿಗೆ ನಾನು ಹೆಚ್ಚು ಇಳಿಯುವುದಿಲ್ಲ; ಇಳಿದರೆ ಎಡವುವುದು ಖಂಡಿತ. ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಚೆಂಡೆಸೆಯುವವನಿಗೆ ಅಲ್ಲಿ ಪಿಚರ್ ಎನ್ನುತ್ತಾರೆ. ಹೊಡೆದವನು 90 ಅಡಿ ದೂರದ ಮೊದಲನೆಯ ಬೇಸಿನತ್ತ ಓಡಬೇಕು. ನೆಲದ ಮೇಲೆ ಉರುಳಿಹೋದ ಚೆಂಡನ್ನು ಎದುರಾಳಿಗಳು ಹಿಡಿದು ಎಸೆಯುತ್ತಾರೆ. ಓಡುವವನ ಕಾಲು ಬೇಸನ್ನು ಮುಟ್ಟುವ ಮುನ್ನವೇ ಅಲ್ಲಿ ಕಾಲೂರಿ ನಿಂತ ಎದುರಾಳಿಯ ಕೈಗವಸಿಗೆ ಚೆಂಡು ಬಂದು ಸೇರಿದರೆ ಅವನು ಔಟ್. ಒಂದು ತಂಡಕ್ಕೆ ಒಂಬತ್ತು ಸರದಿ, ಸರದಿಗೆ ಮೂವರಂತೆ ಒಟ್ಟು 27 ಔಟ್. ಈ ಇಪ್ಪತ್ತೇಳರಲ್ಲಿ ಒಬ್ಬನೂ ಯಾವ ಕಾರಣದಿಂದಲೂ ಮೊದಲನೆಯ ಬೇಸಿನಲ್ಲಿ ನೆಲೆಗೊಳ್ಳದಂತೆ ಪಿಚರ್ ಆಟ ಮುಗಿಸಿದರೆ ಅದನ್ನು ಪರಿಪೂರ್ಣ ಆಟ ಎಂದು ಕರೆಯುತ್ತಾರೆ. ಅಲ್ಲಿನ ಪ್ರಮುಖ ಲೀಗುಗಳ ಚರಿತ್ರೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪಂದ್ಯಗಳು ನಡೆದಿವೆ. ಅಷ್ಟರಲ್ಲಿ 2010ರ ಮೇ ತಿಂಗಳ ಕೊನೆಯವರೆಗೆ ಇಂಥ ಆಟ ಕಂಡದ್ದು 20 ಸಲ ಮಾತ್ರ.

2010ರ ಜೂನ್ 2ರ ಸಂಜೆ ಡೆಟ್ರಾಯಿಟ್‌ನಲ್ಲಿ ಟೈಗರ್ಸ್ ತಂಡ ಕ್ಲೀವ್‌ಲ್ಯಾಂಡ್ ತಂಡದ ಎದುರು ಆಡುತ್ತಿತ್ತು. ಪಿಚರ್ ಅರ್ಮಾಂಡೋ ಗಲರಾಗ. ವೆನೆಜುವೆಲಾ ದೇಶದವನು, 28 ವರ್ಷದವನು. ಹೆಸರಾಂತ ಆಟಗಾರನೇನಲ್ಲ, ಕೆಲವೇ ವಾರಗಳ ಹಿಂದೆ ಕೆಳದರ್ಜೆಯ ಲೀಗಿನಲ್ಲಿ ಆಡುತ್ತಿದ್ದವನನ್ನು ಮತ್ತೆ ಕರೆಸಿಕೊಂಡಿದ್ದರು. ಅಂದು ಮಾತ್ರ ಅವನ ಕೈಯಲ್ಲಿ ಏನೋ ಒಲಿದು ಬಂದಿತ್ತು. ಎಂಟು ಸರದಿಗಳಲ್ಲಿ 24 ಮಂದಿ ಬಂದರು, 24 ಮಂದಿಯೂ ಬಂದ ದಾರಿಯಲ್ಲಿಯೇ ಹಿಂದಿರುಗಿದರು. ಕೊನೆಯ ಸರದಿಯ ಮೊದಲ ಹೊಡೆತ ದೂರದ ಗೋಡೆಯತ್ತ ಹಾರಿತು. ಆಸ್ಟಿನ್ ಜ್ಯಾಕ್ಸನ್ ಎಂಬ ಕ್ಷೇತ್ರರಕ್ಷಕ ಆಟಕ್ಕೆ ಬೆನ್ನು ಮಾಡಿ ಓಡಿ, ಹೆಗಲಿನ ಮೇಲಿಂದ ಬರುತ್ತಿದ್ದ ಚೆಂಡನ್ನು ಹಿಡಿದುಬಿಟ್ಟ. ಆ ಕ್ಯಾಚ್ ನೋಡಿದಾಗ, ಈ ಆಟದ ಗಂಧವಿಲ್ಲದ ನಾನೂ ಕುರ್ಚಿಯಿಂದ ಎದ್ದು ನಿಂತೆ. ಇಪ್ಪತ್ತಾರನೆಯವನೂ ಔಟಾದ.

ಇಪ್ಪತ್ತೇಳನೆಯವನು ಜೇಸನ್ ಡೊನಾಲ್ಡ್. ಅವನು ಹೊಡೆದ ಚೆಂಡು ಮೊದಲನೆಯ ಮತ್ತು ಎರಡನೆಯ ಬೇಸುಗಳ ನಡುವೆ ಉರುಳಿತು. ಮೊದಲನೆಯ ಬೇಸನ್ನು ಕಾಯುತ್ತಿದ್ದ ಮಿಗೆಲ್ ಕಬ್ರೇರ ಬಲಕ್ಕೆ ಸರಿದು ಚೆಂಡನ್ನು ಹಿಡಿದ. ಅವನು ಬಿಟ್ಟುಬಂದ ಬೇಸಿನತ್ತ ಗಲರಾಗನೇ ಓಡಿದ. ಕಬ್ರೇರ ಎಸೆದ, ಗಲರಾಗ ಹಿಡಿದ, ಅವನ ಕಾಲು ಬೇಸನ್ನು ಮುಟ್ಟಿತು. ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ಹಿಂದಿದ್ದ. ಅಲ್ಲಿ ನಿಂತಿದ್ದ ಅಂಪೈರ್ ಜಿಮ್ ಜಾಯ್ಸ್ ಎರಡು ಕೈಗಳನ್ನೂ ಅಗಲಿಸಿದ. ಹಾಗೆಂದರೆ, ಔಟಲ್ಲ.

ಮೊದಲನೆಯ ಬೇಸಿನ ಅಂಪೈರ್ ತೀರ್ಪು ಕೊಡುವ ಬಗೆ ಕುತೂಹಲಕರವಾದದ್ದು. ಚೆಂಡನ್ನೂ ಕಾಲನ್ನೂ ಏಕಕಾಲದಲ್ಲಿ ನೋಡುವುದು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ. ಆದ್ದರಿಂದ ಅವನು ಕಣ್ಣನ್ನು ಬೇಸಿನ ಮೇಲೆ, ಓಡಿಬರುವವನ ಕಾಲಿನ ಮೇಲೆ ನೆಡುತ್ತಾನೆ. ಚೆಂಡು ಕೈಗವಸಿಗೆ ಬಡಿಯುವ ಸದ್ದನ್ನು ಕಿವಿಯಿಂದ ಹಿಡಿಯುತ್ತಾನೆ. ಅವನು ಅರ್ಧ ನೋಡುತ್ತಾನೆ, ಅರ್ಧ ಕೇಳುತ್ತಾನೆ. ಅಂದು ಕ್ರೀಡಾಂಗಣದಲ್ಲಿದ್ದ 17,000ಕ್ಕೂ ಹೆಚ್ಚು ಜನ ಎದ್ದು ನಿಂತು ಕೂಗುತ್ತಿದ್ದರು. ಆ ಸದ್ದು ಆ ಗದ್ದಲದಲ್ಲಿ ಎಷ್ಟು ಕೇಳಿಸೀತೆಂದು ಊಹಿಸಿಕೊಳ್ಳಿ. ಇದು ಜಾಯ್ಸ್ ಪರವಾಗಿ ನಾನು ಹೂಡುತ್ತಿರುವ ವಾದವೇ ಹೊರತು ಆತ ಹೇಳಿಕೊಂಡ ನೆಪವಲ್ಲ ಎಂಬುದನ್ನು ಗಮನಿಸಬೇಕು.

ಕಬ್ರೇರ ತಲೆಯ ಮೇಲೆ ಕೈಹೊತ್ತ. ತಂಡದ ಮ್ಯಾನೇಜರ್ ಜಿಮ್ ಲೇಲ್ಯಾಂಡ್ ಒಳಗಿನಿಂದ ಧಾವಿಸಿ ಬಂದ. ಪ್ರೇಕ್ಷಕರು ಅಬ್ಬರಿಸಿದರು. ಇಡೀ ಮೈದಾನದಲ್ಲಿ ಸಿಟ್ಟಾಗುವ ಅಧಿಕಾರ ಎಲ್ಲರಿಗಿಂತ ಹೆಚ್ಚಾಗಿ ಯಾರಿಗಿತ್ತೋ ಆ ಗಲರಾಗ ಅಂಪೈರನತ್ತ ನೋಡಿ ನಕ್ಕ. ನಾನು ಆ ಭಾಗವನ್ನು ಹಲವು ಸಲ ಹಾಕಿಸಿಕೊಂಡು ನೋಡಿದೆ. ಅದು ವ್ಯಂಗ್ಯದ ನಗೆಯಲ್ಲ, ಸೋತವನ ಪೆಚ್ಚುನಗೆಯೂ ಅಲ್ಲ. ನಕ್ಕು, ಚೆಂಡು ತೆಗೆದುಕೊಂಡು, ತನ್ನ ಜಾಗಕ್ಕೆ ನಡೆದು, ಮುಂದಿನವನನ್ನು ಔಟ್ ಮಾಡಿ ಆಟ ಮುಗಿಸಿದ. ಟೈಗರ್ಸ್ ಮೂರು ಸೊನ್ನೆಯಿಂದ ಗೆದ್ದಿತು. ಇಪ್ಪತ್ತೇಳರ ಬದಲು ಇಪ್ಪತ್ತೆಂಟು ಔಟುಗಳ ಪರಿಪೂರ್ಣ ಆಟ ಎಂದು ಅಲ್ಲಿನವರು ಇಂದಿಗೂ ಅದನ್ನು ಕರೆಯುವುದುಂಟು.

ಜಾಯ್ಸ್ ಆಗ 54 ವರ್ಷದವನು, ಎರಡು ದಶಕಗಳಿಗೂ ಮಿಕ್ಕ ಅನುಭವವುಳ್ಳವನು. ತಾನು ಕಂಡದ್ದೇ ಸರಿ ಎಂಬ ನಂಬಿಕೆಯಿಂದಲೇ ಅಂಪೈರುಗಳ ಕೋಣೆಗೆ ನಡೆದ. ಅಲ್ಲಿ ದೃಶ್ಯವನ್ನು ಮತ್ತೆ ನೋಡಿದ. ಆಮೇಲೆ ಪತ್ರಕರ್ತರ ಮುಂದೆ ಹೇಳಿದ್ದರ ಸಾರ ಇಷ್ಟು: ನಾನು ತಪ್ಪು ತೀರ್ಪು ಕೊಟ್ಟೆ, ಆ ಹುಡುಗನ ಪರಿಪೂರ್ಣ ಆಟವನ್ನು ನಾನು ಕಳೆದೆ. ನನ್ನ ವೃತ್ತಿಜೀವನದ ಅತಿದೊಡ್ಡ ತೀರ್ಪು ಇದು, ಇದನ್ನೇ ಕೆಡಿಸಿದೆ ಎಂದೂ ಹೇಳಿದ. ಬಳಸಿದ ಮಾತು ಆಕಾಶವಾಣಿಯಲ್ಲಿ ಹೇಳುವಂಥದಲ್ಲ. ಗಲರಾಗನನ್ನು ಕಾಣಬೇಕೆಂದು ಕೇಳಿಕೊಂಡ. ಕಂಡಾಗ ಅಪ್ಪಿಕೊಂಡು ಅತ್ತ. ಮನುಷ್ಯರಾದವರು ಯಾರೂ ಪರಿಪೂರ್ಣರಲ್ಲ ಎಂದು ಗಲರಾಗ ಸುದ್ದಿಗಾರರಿಗೆ ಹೇಳಿದ. ಪರಿಪೂರ್ಣತೆಯನ್ನು ಕಳೆದುಕೊಂಡ ರಾತ್ರಿಯೇ ಅವನ ಬಾಯಿಂದ ಆ ಮಾತು ಬಂದದ್ದು.

ಇಲ್ಲಿ ಭಾಷೆಯ ಮೇಷ್ಟರು ಸ್ವಲ್ಪ ತಲೆಹಾಕಬೇಕಾಗುತ್ತದೆ, ಮನ್ನಿಸಿ. ಕನ್ನಡದಲ್ಲಿ ತಪ್ಪು, ಒಪ್ಪು ಎಂಬವು ಎದುರುಬದುರು ನಿಂತ ಶಬ್ದಗಳು. ಆದರೆ ತಪ್ಪೊಪ್ಪಿಗೆ ಎಂಬ ಮಾತಿನಲ್ಲಿ ಎರಡೂ ಒಂದೇ ಉಸಿರಿನಲ್ಲಿ ಕೂಡಿಬಿಡುತ್ತವೆ. ನಾನು ತರಗತಿಯಲ್ಲಿ ಲೋಪಸಂಧಿಗೆ ಈ ಪದವನ್ನು ಎಷ್ಟೋ ಸಲ ಉದಾಹರಣೆಯಾಗಿ ಕೊಟ್ಟಿದ್ದೇನೆ: ತಪ್ಪು ಎಂಬುದರ ಕೊನೆಯ ಉಕಾರ ಲೋಪವಾದ ಮೇಲೆಯೇ ಒಪ್ಪಿಗೆ ಬಂದು ಸೇರುವುದು. ವ್ಯಾಕರಣದಲ್ಲಿ ಇದು ಸುಲಭ. ಬಳಕೆಯಲ್ಲಿ ನಾವು ಮಾಡುವುದೇ ಬೇರೆ. "ತಪ್ಪಾಯಿತು" ಎನ್ನುತ್ತೇವೆ. "ಅಚಾತುರ್ಯ ನಡೆದುಹೋಯಿತು" ಎನ್ನುತ್ತೇವೆ. ಕಚೇರಿಯ ಪತ್ರಗಳಲ್ಲಿ "ಕಣ್ತಪ್ಪಿನಿಂದ ಲೋಪವಾಗಿರುತ್ತದೆ". ಮಳೆ ಬಂದ ಹಾಗೆ, ಹೊತ್ತು ಮುಳುಗಿದ ಹಾಗೆ ತಪ್ಪು ತಾನಾಗಿಯೇ ಆಗಿಹೋಗುತ್ತದೆ. ಕ್ರಿಯೆಯುಂಟು, ಕರ್ತೃವಿಲ್ಲ. ಇದು ನಮ್ಮ ನುಡಿಯ ದೋಷವೆಂದು ನಾನು ಹೇಳಲಾರೆ. "ನಾನು ತಪ್ಪು ಮಾಡಿದೆ" ಎಂಬ ವಾಕ್ಯವೂ ಕನ್ನಡದಲ್ಲಿ ಸಲೀಸಾಗಿಯೇ ಇದೆ. ಅದನ್ನು ಬಳಸದವರು ನಾವು. ಜಾಯ್ಸ್ ಅಂದು ಆಡಿದ ವಾಕ್ಯಗಳ ಕರ್ತೃ "ನಾನು".

ಅಂಪೈರನಾದವನಿಗೆ ಹೀಗೆ ಹೇಳುವುದು ಉಳಿದವರಿಗಿಂತ ಕಷ್ಟ. ಇಂಗ್ಲಿಷಿನ ಅಂಪೈರ್ ಎಂಬ ಮಾತೇ ಹಳೆಯ ಫ್ರೆಂಚಿನಿಂದ ಬಂದದ್ದು. ಸರಿಸಮನಲ್ಲದವನು, ಜೋಡಿಗೆ ಸೇರದ ಮೂರನೆಯವನು ಎಂದು ಅದರ ಮೂಲಾರ್ಥ. ಮೂರನೆಯವನು ತನ್ನ ಮಾತಿನಲ್ಲಿ ತಾನೇ ಸಂಶಯ ತೋರಿದರೆ ಇಬ್ಬರ ಜಗಳ ತೀರುವುದು ಹೇಗೆ? ಬೇಸ್‌ಬಾಲಿನಲ್ಲಿ ಬಿಲ್ ಕ್ಲೆಮ್ ಎಂಬ ಮಹಾ ಅಂಪೈರ್ ಇದ್ದ. 1905ರಿಂದ 1941ರವರೆಗೆ ತೀರ್ಪು ಕೊಟ್ಟವನು, ವಿಶ್ವ ಸರಣಿ ಎಂದು ಅಲ್ಲಿನವರು ಕರೆಯುವ ಅಂತಿಮ ಪಂದ್ಯಗಳಲ್ಲಿ 18 ಸಲ ನಿಂತವನು. ತಾನು ಒಂದನ್ನೂ ತಪ್ಪಿಲ್ಲ ಎಂಬ ಅರ್ಥದ ಮಾತು ಅವನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಆ ಬಿಗುಮಾನವನ್ನು ನಾನು ಹಳಿಯಲಾರೆ. ಮೂವತ್ತೈದು ವರ್ಷ ಉತ್ತರಪತ್ರಿಕೆಗಳ ಮೇಲೆ ಕೆಂಪು ಮಸಿ ಬಳಿದವನಿಗೆ ಅದರ ಒಳಮರ್ಮ ಗೊತ್ತು.

ತಪ್ಪನ್ನು ಒಪ್ಪಿದವರಿಗೆಲ್ಲ ಹೂವಿನ ಹಾರ ಕಾದಿರುತ್ತದೆ ಎಂದು ಭಾವಿಸಬಾರದು. ಡಾನ್ ಡೆಂಕಿಂಜರ್ ಎಂಬ ಅಂಪೈರ್ 1985ರ ವಿಶ್ವ ಸರಣಿಯಲ್ಲಿ ಇಂಥದೇ ತಪ್ಪು ಮಾಡಿದ. ಸೋಜಿಗವೆಂದರೆ ಅಲ್ಲಿಯೂ ಕೊನೆಯ ಸರದಿ, ಅದೇ ಮೊದಲನೆಯ ಬೇಸು, ಅಲ್ಲಿಯೂ ಬೇಸಿಗೆ ಓಡಿಬಂದು ಚೆಂಡು ಹಿಡಿದವನು ಪಿಚರ್. ಔಟಾದವನನ್ನು ಔಟಲ್ಲ ಎಂದ. ಒಂದು ಸೊನ್ನೆಯಿಂದ ಮುಂದಿದ್ದ ಸೇಂಟ್ ಲೂಯಿಸ್ ತಂಡ ಆ ಪಂದ್ಯವನ್ನು ಸೋತಿತು, ಮರುದಿನ ಸರಣಿಯನ್ನೇ ಸೋತಿತು. ಆತನೂ ತಪ್ಪನ್ನು ಒಪ್ಪಿಕೊಂಡ. ಆದರೂ ದ್ವೇಷದ ಪತ್ರಗಳೂ ಬೆದರಿಕೆಗಳೂ ಅವನ ಮನೆ ಬಾಗಿಲಿಗೆ ಬಂದವು. ಜಾಯ್ಸ್ ಮನೆಯವರಿಗೂ ಆ ರಾತ್ರಿ ಬೈಗುಳದ ಕರೆಗಳು ತಪ್ಪಲಿಲ್ಲ. ಊರಿನ ಜನ ಅಷ್ಟಕ್ಕೇ ನಿಂತರು, ಮುಂದಕ್ಕೆ ಹೋಗಲಿಲ್ಲ ಎಂದರೆ ಅದಕ್ಕೆ ಗಲರಾಗನ ನಗೆಯೂ ಮರುದಿನ ನಡೆದದ್ದೂ ಕಾರಣ ಎಂದು ನನ್ನ ಎಣಿಕೆ.

ಮರುದಿನ ಮಧ್ಯಾಹ್ನ ಅದೇ ತಂಡಗಳಿಗೆ ಮತ್ತೆ ಆಟವಿತ್ತು. ಅಂಪೈರುಗಳ ಸರದಿಯಂತೆ ಅಂದು ಜಾಯ್ಸ್ ನಿಲ್ಲಬೇಕಾದದ್ದು ಬ್ಯಾಟುಗಾರನ ಹಿಂದೆ, ಎಲ್ಲರ ಕಣ್ಣೂ ಬೀಳುವ ಜಾಗದಲ್ಲಿ. ಬೇಕಾದರೆ ಇಂದು ಬಿಡುವು ತೆಗೆದುಕೊಳ್ಳಬಹುದು ಎಂದು ಮೇಲಿನವರು ಹೇಳಿದ್ದರು. ಆತ ಒಪ್ಪಲಿಲ್ಲ. ಆಟಕ್ಕೆ ಮುಂಚೆ ಎರಡು ತಂಡದವರೂ ಅಂದಿನ ಆಟಗಾರರ ಪಟ್ಟಿಯನ್ನು ಅಂಪೈರನ ಕೈಗೆ ಕೊಡುವುದು ಪದ್ಧತಿ. ಸಾಮಾನ್ಯವಾಗಿ ಮ್ಯಾನೇಜರ್ ಕೊಡುತ್ತಾನೆ. ಹಿಂದಿನ ರಾತ್ರಿ ಜಾಯ್ಸ್ ಮುಖಕ್ಕೆ ಮುಖ ಕೊಟ್ಟು ಕೂಗಾಡಿದ್ದ ಲೇಲ್ಯಾಂಡ್, ಅಂದು ಆ ಚೀಟಿಯನ್ನು ಗಲರಾಗನ ಕೈಯಲ್ಲಿ ಕೊಟ್ಟು ಕಳುಹಿಸಿದ. ಗಲರಾಗ ಬಂದು ಚೀಟಿ ನೀಡಿದ, ಕೈ ಕುಲುಕಿದ. ಜಾಯ್ಸ್ ಕಣ್ಣೊರೆಸಿಕೊಳ್ಳುತ್ತಲೇ ಅದನ್ನು ತೆಗೆದುಕೊಂಡು ಅವನ ಹೆಗಲು ತಟ್ಟಿದ. ಹಿಂದಿನ ದಿನ ಅಬ್ಬರಿಸಿದ್ದ ಊರು ಅಂದು ಚಪ್ಪಾಳೆ ತಟ್ಟಿತು. ಅದೇ ತಿಂಗಳು ನೂರು ಮಂದಿ ಆಟಗಾರರ ಅಭಿಪ್ರಾಯ ಕೇಳಿ ಪ್ರಕಟಿಸಿದ ಪಟ್ಟಿಯಲ್ಲಿ ಅತ್ಯುತ್ತಮ ಅಂಪೈರ್ ಎನ್ನಿಸಿಕೊಂಡವನು ಜಾಯ್ಸ್.

ಈ ಪ್ರಸಂಗವನ್ನು ಓದುವಾಗ ನನಗೆ ನಮ್ಮ ವಿಶ್ವನಾಥರ ನೆನಪಾಗದೆ ಇರಲಿಲ್ಲ. 1980ರ ಫೆಬ್ರುವರಿ, ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್. ನಾನಾಗ ಪದವಿ ತರಗತಿಯ ವಿದ್ಯಾರ್ಥಿ. ಹಾಸ್ಟೆಲಿನ ಒಂದೇ ಒಂದು ರೇಡಿಯೋ ಸುತ್ತ ಇಪ್ಪತ್ತು ತಲೆಗಳು. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಎಸೆತದಲ್ಲಿ ವಿಕೆಟ್ ಕೀಪರಿಗೆ ಕ್ಯಾಚ್ ಎಂದು ಬಾಬ್ ಟೇಲರನಿಗೆ ಔಟ್ ಕೊಟ್ಟರು. ಬ್ಯಾಟಿಗೆ ಚೆಂಡು ತಾಗಿಲ್ಲ ಎಂದು ಮನಗಂಡ ನಾಯಕ ಗುಂಡಪ್ಪ ವಿಶ್ವನಾಥ್ ಅಂಪೈರನ್ನು ಕೇಳಿಕೊಂಡು ಟೇಲರನನ್ನು ಹಿಂದಕ್ಕೆ ಕರೆಸಿದರು. ಟೇಲರ್, ಬಾಥಮ್ ಇಬ್ಬರೂ ಸೇರಿ 171 ರನ್ ಕೂಡಿಸಿದರು, ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಭದ್ರಾವತಿಯಲ್ಲಿ ಹುಟ್ಟಿದ ವಿಶಿಯ ಆ ಔದಾರ್ಯವನ್ನು ನಾವು ಅಂದಿನಿಂದ ಕೊಂಡಾಡುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ಜಾಯ್ಸ್ ಕಥೆ ಓದಿದ ಮೇಲೆ ಮಾತ್ರ ನನಗೆ ಇನ್ನೊಬ್ಬರು ಕಣ್ಣಿಗೆ ಬಿದ್ದರು: ಎತ್ತಿದ ಬೆರಳನ್ನು ಸಾವಿರಾರು ಜನರ ಎದುರು ಇಳಿಸಿದ ಅಂಪೈರ್ ಹನುಮಂತರಾವ್. ನಾಯಕನು ಕೇಳಿದ ಮಾತ್ರಕ್ಕೆ ತೀರ್ಪನ್ನು ಹಿಂತೆಗೆದುಕೊಳ್ಳಲೇಬೇಕೆಂದೇನೂ ಇರಲಿಲ್ಲ. ನಾಲ್ಕು ದಶಕಗಳ ಕಾಲ ನಾನು ಆ ಕಥೆಯನ್ನು ಹೇಳುವಾಗ ಅವರ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ.

ಡೆಟ್ರಾಯಿಟ್‌ನಲ್ಲಿ ತೀರ್ಪು ತಿದ್ದುಪಡಿಯಾಗಲಿಲ್ಲ. ಬೇಸ್‌ಬಾಲಿನ ಆಗಿನ ಮುಖ್ಯಾಧಿಕಾರಿ ಬಡ್ ಸೀಲಿಗ್, ತಪ್ಪೆಂದು ಗೊತ್ತಿದ್ದೂ ಅದನ್ನು ಬದಲಿಸಲು ಒಪ್ಪಲಿಲ್ಲ. ಮಿಷಿಗನ್ನಿನ ರಾಜ್ಯಪಾಲರು ಮಾತ್ರ ಇದು ಪರಿಪೂರ್ಣ ಆಟವೇ ಎಂದು ಘೋಷಣೆ ಹೊರಡಿಸಿದರು. ಆಟದ ದಾಖಲೆಗೆ ಅದರಿಂದ ಏನೂ ಆಗುವಂತಿರಲಿಲ್ಲ. 2014ರಿಂದ ಇಂಥ ತೀರ್ಪುಗಳನ್ನು ಮರುದೃಶ್ಯ ನೋಡಿ ತಿದ್ದುವ ವ್ಯವಸ್ಥೆ ಬಂತು. ಇಂದಾಗಿದ್ದರೆ ಒಂದೆರಡು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತಿತ್ತು, ನನ್ನ ಮೊಮ್ಮಗನಿಗೆ ಆ ಮೂಲೆಯನ್ನು ತೋರಿಸುವ ಕಾರಣವೂ ಇರುತ್ತಿರಲಿಲ್ಲ. ಯಂತ್ರ ಬಂದದ್ದು ಒಳ್ಳೆಯದೇ. ನ್ಯಾಯ ಸಿಗುವುದಾದರೆ ಕಥೆ ಹೋದರೆ ಹೋಗಲಿ.

ಜಾಯ್ಸ್, ಗಲರಾಗ ಇಬ್ಬರೂ ಸೇರಿ 2011ರಲ್ಲಿ ಆ ರಾತ್ರಿಯನ್ನು ಕುರಿತು ಒಂದು ಪುಸ್ತಕವನ್ನೂ ತಂದರು. ಗಲರಾಗ ಮುಂದೆ ಅಷ್ಟು ಎತ್ತರಕ್ಕೆ ಮತ್ತೆ ಏರಲಿಲ್ಲ; ಪ್ರಮುಖ ಲೀಗಿನಲ್ಲಿ ಅವನು ಕೊನೆಯ ಬಾರಿ ಆಡಿದ್ದು 2012ರಲ್ಲಿ. 2020ರಲ್ಲಿ, ಹತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಆ ಆಟವನ್ನು ದಾಖಲೆಗೆ ಸೇರಿಸಬೇಕೆಂದು ತನಗೆ ಆಸೆಯಿದೆ ಎಂದು ಹೇಳಿದ. ಕ್ಷಮಿಸಿದವನು ಮತ್ತೆ ಕೇಳಬಹುದೆ ಎಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಅವನು ಕ್ಷಮಿಸಿದ್ದು ಜಾಯ್ಸನನ್ನು. ತನ್ನದನ್ನು ತನ್ನದಲ್ಲ ಎಂದು ಅವನು ಎಂದೂ ಹೇಳಿರಲಿಲ್ಲ.

ಈ ಮಾತಿಗೆ ಬಂದಾಗ ನನ್ನ ಗಂಟಲು ಸ್ವಲ್ಪ ಕಟ್ಟುತ್ತದೆ. ಕಾರಣವನ್ನು ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ನಾನು ಎಂ.ಎ. ತರಗತಿಗೆ ರನ್ನನ ಗದಾಯುದ್ಧ ಪಾಠ ಮಾಡುತ್ತಿದ್ದೆ. ದುರ್ಯೋಧನನು ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆದು ಹೋಗುವ ಭಾಗವನ್ನು ಕುರಿತು ಪ್ರಬಂಧ ಬರೆದು ತರಲು ಹೇಳಿದ್ದೆ. ಒಬ್ಬ ವಿದ್ಯಾರ್ಥಿ, ಹಳ್ಳಿಯಿಂದ ಬಂದವನು, ತರಗತಿಯಲ್ಲಿ ಬಾಯಿ ಬಿಡದವನು, ಆ ಇಡೀ ಭಾಗವನ್ನು ಜೊತೆಗೆ ನಡೆಯುವ ಸಂಜಯನ ಕಡೆಯಿಂದ ನೋಡಿ ಬರೆದಿದ್ದ. ನನಗೆ ಹೊಳೆಯದೆ ಇದ್ದ ಮಾತುಗಳು ಅದರಲ್ಲಿದ್ದವು. ಆ ಕಾರಣಕ್ಕೇ, ಇದನ್ನು ಯಾವ ವಿಮರ್ಶಾ ಗ್ರಂಥದಿಂದ ಇಳಿಸಿಕೊಂಡೆ ಎಂದು ತುಂಬಿದ ತರಗತಿಯಲ್ಲಿ ಅವನನ್ನು ನಿಲ್ಲಿಸಿ ಕೇಳಿದೆ. "ನಾನೇ ಬರೆದದ್ದು ಸರ್" ಎಂದ. ನಾನು ನಂಬಲಿಲ್ಲ, ಪ್ರಬಂಧವನ್ನು ಹಿಂದಕ್ಕೆ ಕೊಟ್ಟು, ಬೇರೆ ಬರೆದು ತಾ ಎಂದೆ. ಕೆಲವರು ನಕ್ಕರು. ಆತ ಸುಮ್ಮನೆ ನಿಂತಿದ್ದು ಆಮೇಲೆ ಕುಳಿತ. ಎದುರು ಮಾತಾಡಲಿಲ್ಲ. ಮರುವಾರ ಬೇರೆ ಬರೆದು ತಂದೂ ಕೊಟ್ಟ.

ವರ್ಷದ ಕೊನೆಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಂದರಲ್ಲಿ ಅದೇ ಕೈಬರಹ ಕಂಡಿತು. ಮೂರು ಗಂಟೆಗಳ ಕೊಠಡಿಯಲ್ಲಿ, ಯಾವ ಗ್ರಂಥದ ನೆರವೂ ಇಲ್ಲದೆ, ಬೇರೊಂದು ಕಾವ್ಯವನ್ನು ಕುರಿತು ಅದೇ ಬಗೆಯ ನೋಟ, ಅದೇ ಗದ್ಯ. ನನ್ನ ಮರುದೃಶ್ಯ ನನ್ನ ಮುಂದೆಯೇ ಇತ್ತು. ನ್ಯಾಯವಾಗಿ ಸಲ್ಲಬೇಕಾದ ಅಂಕಗಳನ್ನು ಕೊಟ್ಟೆ. ಅಷ್ಟರಿಂದ ಲೆಕ್ಕ ಚುಕ್ತಾ ಆಯಿತೆಂದು ಮನಸ್ಸಿಗೆ ಹೇಳಿಕೊಂಡೆ. ಫಲಿತಾಂಶ ಬಂದ ಮೇಲೆ ಆತ ನನ್ನ ಕೋಣೆಗೆ ಬಂದು ನಮಸ್ಕಾರ ಮಾಡಿ, ಒಂದು ಗಳಿಗೆ ನಿಂತ. ಆ ಒಂದು ಗಳಿಗೆಯನ್ನು ಆತ ನನಗೋಸ್ಕರವೇ ನಿಂತಿದ್ದ ಎಂದು ಈಗ ಅನ್ನಿಸುತ್ತದೆ. ನಾನು ಮುಂದೇನು ಮಾಡುತ್ತೀ ಎಂದು ಕೇಳಿದೆ, ಚೆನ್ನಾಗಿ ಓದು ಎಂದೆ. ಜಾಯ್ಸನಿಗೆ ಗಲರಾಗನ ಎದುರು ತಪ್ಪೊಪ್ಪಿಕೊಳ್ಳಲು ಒಂದು ರಾತ್ರಿ ಕಳೆಯಬೇಕಾಗಲಿಲ್ಲ.

ಆತ ಈಗ ಎಲ್ಲಿದ್ದಾನೋ ತಿಳಿಯದು. ವಿಚಾರಿಸಿದ ಹಳೆಯ ವಿದ್ಯಾರ್ಥಿಗಳಿಗೂ ಗೊತ್ತಿರಲಿಲ್ಲ. ಅವನ ಹೆಸರನ್ನು ಇಲ್ಲಿ ಹೇಳುವ ಹಕ್ಕು ನನಗಿಲ್ಲ. ಆದರೆ ನಾನು ಅವನನ್ನು ನಿಲ್ಲಿಸಿ ಕೇಳಿದ್ದು ನಲವತ್ತು ಜನರ ಕಿವಿಗೆ ಬೀಳುವಂತೆ, ಆದ್ದರಿಂದ ಇದನ್ನೂ ನಾಲ್ಕು ಜನರ ಕಿವಿಗೆ ಬೀಳುವಂತೆಯೇ ಹೇಳಬೇಕು. ಸಂಜಯನನ್ನು ಕುರಿತು ಆ ಪ್ರಬಂಧವನ್ನು ಬರೆದವನು ಆತನೇ. ಅದು ಆ ವರ್ಷ ನನ್ನ ಕೈಗೆ ಬಂದ ಪ್ರಬಂಧಗಳಲ್ಲೆಲ್ಲ ಉತ್ತಮವಾದದ್ದು. ನಾನು ತಪ್ಪು ಮಾಡಿದೆ.